ಯಾರ ಪಾಪದಿಂದ? ರೋಗಿಯನ್ನು ಕಾಣಲು ಹೋಗುವ ಕ್ರೈಸ್ತರಿಗೊಂದು ಮಾರ್ಗದರ್ಶಿ

ಸಭೆಯಲ್ಲಿ ಒಬ್ಬರು ಕಾಯಿಲೆ ಬಿದ್ದರೆ ಅವರನ್ನು ನೋಡಲು ಹೋಗುವುದು ಕ್ರೈಸ್ತರ ಪಾಲಿಗೆ ಬರಿಯ ಸೌಜನ್ಯವಲ್ಲ. ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದಂತೆ, ಕಡೆಯ ನ್ಯಾಯತೀರ್ಪಿನ ದಿನ ನಮ್ಮನ್ನು ಕೇಳಲಾಗುವ ಕೆಲವೇ ವಿಷಯಗಳಲ್ಲಿ ಅದೂ ಒಂದು. ಆದರೂ ನೋಡಲು ಹೋದವರು ಆಡಿಬಂದ ಮಾತಿನಿಂದಲೇ ರೋಗಿಯ ಸಂಕಟ ಇಮ್ಮಡಿಯಾಗುವುದು ಅಪರೂಪವೇನಲ್ಲ. "ಜೀವಿತದಲ್ಲಿ ಎಲ್ಲಿ ತಪ್ಪಾಗಿದೆಯೋ ಪರೀಕ್ಷಿಸಿಕೊಳ್ಳಿ" ಎಂದು ಒಬ್ಬರು ಹೇಳುತ್ತಾರೆ. "ನಂಬಿಕೆ ಇದ್ದಿದ್ದರೆ ಇಷ್ಟು ಹೊತ್ತಿಗೆ ಗುಣವಾಗಬೇಕಿತ್ತು" ಎಂದು ಇನ್ನೊಬ್ಬರು. ಇಬ್ಬರ ಉದ್ದೇಶವೂ ಒಳ್ಳೆಯದೇ ಇರಬಹುದು. ಪಾಸ್ಟರ್, ಫಾದರ್, ಸಭೆಯ ಹಿರಿಯರು, ಪ್ರಾರ್ಥನಾ ಗುಂಪಿನವರು, ನೆಂಟರು ಹೀಗೆ ರೋಗಿಯ ಬಳಿ ಕುಳಿತುಕೊಳ್ಳುವ ಎಲ್ಲರಿಗೂ ಉಪಯೋಗವಾಗಲೆಂದು ಇದನ್ನು ಬರೆಯುತ್ತಿದ್ದೇನೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ರೋಗಕ್ಕೂ ಪಾಪಕ್ಕೂ ಎಂದೆಂದಿಗೂ ಸಂಬಂಧವೇ ಇಲ್ಲವೆಂದು ಸತ್ಯವೇದ ಹೇಳುವುದಿಲ್ಲ. ಆದರೆ ಆ ಸಂಬಂಧವನ್ನು ಇನ್ನೊಬ್ಬರ ದೇಹದಲ್ಲಿ ಗುರುತಿಸಿ ಹೇಳುವ ಅಧಿಕಾರವನ್ನು ಅದು ನೋಡಲು ಹೋದವರಿಗೆ ಕೊಟ್ಟಿಲ್ಲ.

ಹೊರಡುವ ಮುನ್ನ

ಯೋಬನ ಗ್ರಂಥದ 2, 4, 8, 22 ಮತ್ತು 42ನೆಯ ಅಧ್ಯಾಯಗಳನ್ನು ಒಟ್ಟಿಗೆ ಓದಿಕೊಂಡು ಹೊರಡಿ. ಎಲೀಫಜ, ಬಿಲ್ದದ, ಚೋಫರ ಎಂಬ ಮೂವರು ಸ್ನೇಹಿತರು, ಮಕ್ಕಳನ್ನು ಕಳೆದುಕೊಂಡು ಮೈಯೆಲ್ಲ ಹುಣ್ಣಾಗಿದ್ದ ಯೋಬನ ಸಂಕಟದ ಸುದ್ದಿ ಕೇಳಿ ದೂರದಿಂದ ಬಂದರು, ಅತ್ತರು, ಏಳು ಹಗಲು ಏಳು ರಾತ್ರಿ ಒಂದು ಮಾತೂ ಆಡದೆ ಅವನ ಜೊತೆ ನೆಲದ ಮೇಲೆ ಕುಳಿತರು. ಅಲ್ಲಿಯವರೆಗೆ ಅವರಿಗಿಂತ ಒಳ್ಳೆಯ ಸಂದರ್ಶಕರಿಲ್ಲ. ಬಾಯಿ ತೆರೆದ ಮೇಲೆ ಎಲ್ಲವೂ ಕೆಟ್ಟಿತು. 4ನೆಯ ಅಧ್ಯಾಯದಲ್ಲಿ ಎಲೀಫಜನು ಇನ್ನೂ ಮೃದುವಾಗಿ, ನಿರಪರಾಧಿಯಾದವನು ಎಂದಾದರೂ ನಾಶವಾದದ್ದುಂಟೇ ಎಂದು ಲೋಕರೂಢಿಯ ಮಾತಿನಂತೆ ಕೇಳುತ್ತಾನೆ. 8ನೆಯ ಅಧ್ಯಾಯದಲ್ಲಿ ಬಿಲ್ದದನು, ಸತ್ತ ಮಕ್ಕಳು ತಮ್ಮ ಪಾಪದ ಫಲವನ್ನು ಉಂಡಿರಬೇಕೆಂದು ಆ ಮಕ್ಕಳ ತಂದೆಯ ಮುಖಕ್ಕೇ ಹೇಳುತ್ತಾನೆ. 22ನೆಯ ಅಧ್ಯಾಯಕ್ಕೆ ಬರುವ ಹೊತ್ತಿಗೆ ಎಲೀಫಜನು, ಯೋಬನು ವಿಧವೆಯರನ್ನು ಬರಿಗೈಯಲ್ಲಿ ಕಳುಹಿಸಿದನು, ಬಾಯಾರಿದವನಿಗೆ ನೀರು ಕೊಡಲಿಲ್ಲ ಎಂದು ಒಂದು ಅಪರಾಧಪಟ್ಟಿಯನ್ನೇ ಕಟ್ಟಿಬಿಡುತ್ತಾನೆ. ಅದಕ್ಕೆ ಯಾವ ಆಧಾರವೂ ಇರಲಿಲ್ಲ. ಅವನ ಸಿದ್ಧಾಂತ ಉಳಿಯಬೇಕಾದರೆ ಯೋಬನಲ್ಲಿ ಪಾಪ ಇರಲೇಬೇಕಾಗಿತ್ತು. ಸಿಗದಿದ್ದಾಗ ಅವನು ಅದನ್ನು ಹುಟ್ಟಿಸಿದನು. ಕೊನೆಯಲ್ಲಿ ದೇವರು, ನೀವು ನನ್ನ ವಿಷಯವಾಗಿ ಸರಿಯಾದದ್ದನ್ನು ಆಡಲಿಲ್ಲ ಎಂದು ಗದರಿಸುವುದು ದೇವರ ಪರವಾಗಿ ವಾದಿಸಿದ ಈ ಮೂವರನ್ನೇ ಹೊರತು ದೇವರ ಮೇಲೆ ದೂರು ಹೇಳಿದ ಯೋಬನನ್ನಲ್ಲ.

ಇವರು ಹೀಗೇಕೆ ಮಾಡಿದರು ಎಂಬುದಕ್ಕೆ ಕಾರಣವನ್ನು ಯೋಬನೇ 6ನೆಯ ಅಧ್ಯಾಯದಲ್ಲಿ ಹೇಳುತ್ತಾನೆ: ನನ್ನ ವಿಪತ್ತನ್ನು ಕಂಡು ನೀವು ಹೆದರಿದ್ದೀರಿ. ಇದು ನಮಗೂ ಸಲ್ಲುವ ರೋಗನಿದಾನ. ಪಕ್ಕದ ಮನೆಯವನ ಕ್ಯಾನ್ಸರಿಗೆ ಅವನದೇ ತಪ್ಪು ಕಾರಣವೆಂದಾದರೆ, ಆ ತಪ್ಪನ್ನು ಮಾಡದ ನಾನು ಸುರಕ್ಷಿತನಾಗುತ್ತೇನೆ. ಕಾರಣವಿಲ್ಲದೆ ಬಂದಿದೆಯೆಂದಾದರೆ ಅದು ನಾಳೆ ನನ್ನ ಬಾಗಿಲಿಗೂ ಬರಬಹುದು. ಆದ್ದರಿಂದ ರೋಗಿಯ ಮನೆಯ ಬಾಗಿಲು ತಟ್ಟುವ ಮೊದಲು, ಕಾರಣ ಹುಡುಕುವ ಈ ತವಕ ಯಾರ ಸಮಾಧಾನಕ್ಕಾಗಿ ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳಿ. ಪ್ರಾಮಾಣಿಕ ಉತ್ತರ ಸಿಕ್ಕವರು ಒಳಗೆ ಹೋಗಿ ಕಡಿಮೆ ಮಾತಾಡುತ್ತಾರೆ.

ಕಠಿಣ ವಚನಗಳನ್ನು ಹೇಗೆ ಓದಬೇಕು

ದೂಷಿಸುವವರ ಬಳಿ ವಚನಗಳು ಇವೆ, ಅವನ್ನು ಇಲ್ಲವೆನ್ನಬಾರದು. ಕರ್ತನ ಭೋಜನವನ್ನು ಅಯೋಗ್ಯವಾಗಿ ತೆಗೆದುಕೊಂಡದ್ದರಿಂದ ನಿಮ್ಮಲ್ಲಿ ಅನೇಕರು ಬಲಹೀನರೂ ರೋಗಿಗಳೂ ಆಗಿದ್ದಾರೆಂದು ಪೌಲನು ಕೊರಿಂಥದವರಿಗೆ ಬರೆದಿದ್ದಾನೆ. ಕೊಳದ ಬಳಿ ಮಲಗಿದ್ದ, ಮೂವತ್ತೆಂಟು ವರ್ಷ ಕಾಯಿಲೆಯಿದ್ದವನಿಗೆ ಯೇಸು, ಹೆಚ್ಚಿನ ಕೇಡು ಬಾರದಂತೆ ಇನ್ನು ಪಾಪಮಾಡಬೇಡ ಎಂದಿದ್ದಾನೆ. 38ನೆಯ ಕೀರ್ತನೆಯಲ್ಲಿ, ನನ್ನ ಪಾಪದ ದೆಸೆಯಿಂದ ನನ್ನ ಎಲುಬುಗಳಲ್ಲಿ ಕ್ಷೇಮವಿಲ್ಲ ಎಂಬ ಮೊರೆ ಇದೆ. ಇಂಥ ಪ್ರತಿಯೊಂದು ವಚನ ಎದುರಾದಾಗಲೂ ಮೂರು ವಿಷಯ ನೋಡಿ: ಮಾತಾಡುತ್ತಿರುವವರು ಯಾರು, ಯಾರಿಗೆ, ಯಾವಾಗ?

ಕೀರ್ತನೆಯಲ್ಲಿ ತನ್ನ ಪಾಪವನ್ನು ಹೇಳಿಕೊಳ್ಳುತ್ತಿರುವವನು ರೋಗಿಯೇ. ಅದೇ ಕೀರ್ತನೆಯಲ್ಲಿ ಅವನ ಸ್ನೇಹಿತರು ದೂರ ನಿಂತಿದ್ದಾರೆ, ಅದನ್ನೂ ಅವನು ದೇವರಿಗೆ ದೂರುತ್ತಾನೆ. ಪೌಲನು ಬರೆದದ್ದು ಬಡವರನ್ನು ಹಸಿವಿನಲ್ಲಿ ಬಿಟ್ಟು ಉಣ್ಣುತ್ತಿದ್ದ ಒಂದು ಇಡೀ ಸಭೆಗೆ. ಇಂಥವನ ಜ್ವರಕ್ಕೆ ಇಂಥ ಪಾಪ ಕಾರಣವೆಂದು ಅವನು ಯಾರೊಬ್ಬನನ್ನೂ ಬೆರಳುಮಾಡಿ ತೋರಿಸಲಿಲ್ಲ. ಕೊಳದ ಬಳಿಯ ರೋಗಿಯನ್ನಾದರೋ ಯೇಸು ಮೊದಲು ಗುಣಪಡಿಸಿದನು. ಎಚ್ಚರಿಕೆಯ ಮಾತನ್ನು ಆಡಿದ್ದು ಆಮೇಲೆ, ಅವನನ್ನು ದೇವಾಲಯದಲ್ಲಿ ಕಂಡಾಗ. ಅಲ್ಲದೆ ಮನುಷ್ಯರ ಅಂತರಂಗವನ್ನು ಬಲ್ಲವನು ಆಡಿದ ಮಾತು ಅದು. ನಮಗೆ ಆ ಬಲ್ಲತನವಿಲ್ಲ.

ಇವುಗಳ ಜೊತೆಗೆ ಎರಡು ಭಾಗಗಳನ್ನು ಬಾಯಿಪಾಠವಾಗುವಷ್ಟು ಓದಿಕೊಳ್ಳಿ. ಲೂಕ 13ರಲ್ಲಿ, ಸಿಲೋವದ ಬುರುಜು ಬಿದ್ದು ಸತ್ತ ಹದಿನೆಂಟು ಮಂದಿ ಯೆರೂಸಲೇಮಿನ ಬೇರೆ ಎಲ್ಲರಿಗಿಂತ ಹೆಚ್ಚು ಅಪರಾಧಿಗಳೆಂದು ನೆನಸುತ್ತೀರೋ ಎಂದು ಕೇಳಿ, ಯೇಸು ತಾನೇ ಅಲ್ಲವೆನ್ನುತ್ತಾನೆ. ಬಳಿಕ ಪಶ್ಚಾತ್ತಾಪದ ಕರೆಯನ್ನು ಬದುಕಿ ನಿಂತು ಕೇಳುತ್ತಿದ್ದವರ ಕಡೆಗೆ ತಿರುಗಿಸುತ್ತಾನೆ. ಯೋಹಾನ 9ರಲ್ಲಿ ಹುಟ್ಟುಕುರುಡನನ್ನು ಕಂಡ ಶಿಷ್ಯರು, ಯಾರು ಪಾಪ ಮಾಡಿದರು, ಇವನೋ ಇವನ ತಂದೆತಾಯಿಗಳೋ ಎಂದು ಕೇಳಿದಾಗ ಆ ಎರಡು ಆಯ್ಕೆಗಳನ್ನೂ ಯೇಸು ತಳ್ಳಿಹಾಕಿ, ಹಗಲಿರುವಾಗಲೇ ಕೆಲಸ ಮಾಡಬೇಕೆಂದು ಹೇಳಿ, ಮಣ್ಣು ಕಲಸಿ ಅವನ ಕಣ್ಣಿಗೆ ಹಚ್ಚುತ್ತಾನೆ. ಆ ಅಧ್ಯಾಯವನ್ನು ಕೊನೆಯವರೆಗೆ ಓದದೆ ನಿಲ್ಲಿಸುವವರೇ ಹೆಚ್ಚು. ಅದರ ಕೊನೆಯ ಭಾಗದಲ್ಲಿ, ನೀನು ಪೂರ್ತಿಯಾಗಿ ಪಾಪದಲ್ಲೇ ಹುಟ್ಟಿದವನು ಎಂದು ಹೇಳಿ ಅವನನ್ನು ಹೊರಗೆ ಹಾಕುವವರು ಫರಿಸಾಯರು. ಗುಣವಾದ ಮೇಲೂ ದೂಷಣೆ ಬಿಡಲಿಲ್ಲ ಎಂಬುದನ್ನು ಗಮನಿಸಿ.

ಹಾಸಿಗೆಯ ಪಕ್ಕದಲ್ಲಿ

ಕುಳಿತುಕೊಳ್ಳಿ. ನಿಂತು ಮಾತಾಡುವವರು ಹೊರಡುವ ಆತುರದಲ್ಲಿದ್ದಾರೆಂದು ರೋಗಿಗೆ ಅನಿಸುತ್ತದೆ. ಕಾಯಿಲೆಯ ವಿವರಗಳನ್ನು ಕೆದಕಬೇಡಿ, ಅದೇ ಕಾಯಿಲೆಯಿಂದ ತೀರಿಕೊಂಡವರ ಕಥೆ ಹೇಳಬೇಡಿ, ಬೇಗ ಎದ್ದುಬನ್ನಿ.

ಎಷ್ಟೇ ಎಚ್ಚರದಿಂದಿದ್ದರೂ ಒಂದು ಹಂತದಲ್ಲಿ ರೋಗಿಯೇ ಕೇಳಿಯಾರು: "ನಾನೇನು ಪಾಪ ಮಾಡಿದ್ದೆ?" ಈ ಪ್ರಶ್ನೆಗೆ ತಟ್ಟನೆ ಉತ್ತರಿಸುವುದೇ ದೊಡ್ಡ ತಪ್ಪು. ಏಕೆಂದರೆ ಒಂದೇ ಮಾತಿನೊಳಗೆ ಬೇರೆಬೇರೆ ಸಂಗತಿಗಳು ಅಡಗಿರುತ್ತವೆ. ಅನೇಕ ಸಲ ಅದು ಪ್ರಶ್ನೆಯೇ ಅಲ್ಲ, ನೋವಿನ ಕೂಗು. ಕೆಲವು ಸಲ, ನಿಮಗಿಂತ ಮೊದಲು ಬಂದುಹೋದವರು ಆ ಅನುಮಾನವನ್ನು ಬಿತ್ತಿ ಹೋಗಿರುತ್ತಾರೆ. ಇನ್ನು ಕೆಲವು ಸಲ ಒಂದು ನಿಜವಾದ ಹಳೆಯ ತಪ್ಪು ಅವರ ಎದೆಯಲ್ಲಿ ಕುಳಿತಿರುತ್ತದೆ. ಯಾವುದೆಂದು ತಿಳಿಯಲು, "ಹಾಗೇಕೆ ಅನಿಸುತ್ತದೆ? ಯಾರಾದರೂ ಏನಾದರೂ ಹೇಳಿದರೇ?" ಎಂದು ಮೆಲ್ಲಗೆ ಕೇಳಿ, ಕಾಯಿರಿ.

ಕೂಗಾಗಿದ್ದರೆ ಅದಕ್ಕೆ ವಿವರಣೆ ಬೇಡ. 88ನೆಯ ಕೀರ್ತನೆಯನ್ನು ಜೊತೆಯಲ್ಲಿ ಓದಬಹುದು. ಭರವಸೆಯ ಒಂದು ಸಾಲೂ ಸೇರಿಸದೆ ಕತ್ತಲೆಯಲ್ಲೇ ಮುಗಿಯುವ ಆ ಕೀರ್ತನೆ ಸತ್ಯವೇದದಲ್ಲಿ ಇದೆ ಎಂಬುದೇ ಅನೇಕರಿಗೆ ಗೊತ್ತಿರುವುದಿಲ್ಲ. ಹೀಗೆ ಪ್ರಾರ್ಥಿಸಲು ಅಪ್ಪಣೆಯಿದೆಯೆಂದು ತಿಳಿದಾಗ ರೋಗಿಗೆ ಒಂದು ಬಗೆಯ ಬಿಡುಗಡೆ ಸಿಗುತ್ತದೆ. ಬೇರೆಯವರು ಬಿತ್ತಿದ ಅನುಮಾನವಾಗಿದ್ದರೆ ಅವರ ಹೆಸರೆತ್ತಿ ಟೀಕಿಸದೆ, ಯೋಹಾನ 9ರ ಮೊದಲ ಏಳು ವಚನಗಳನ್ನು ಓದಿ ಸುಮ್ಮನಿರಿ.

ನಿಜವಾದ ತಪ್ಪೊಂದು ಇದ್ದರೆ ಮಾತ್ರ ಪಾಪದ ಮಾತು ಅಲ್ಲಿ ಸಲ್ಲುತ್ತದೆ, ಅದೂ ರೋಗಿ ತಾನಾಗಿ ಬಾಯಿಬಿಟ್ಟಾಗ. ಆಗ "ಛೇ, ಅದೇನೂ ಇಲ್ಲ ಬಿಡಿ" ಎಂದು ಹಾರಿಸಿಬಿಡುವುದೂ ಒಂದು ಕ್ರೌರ್ಯವೇ. ಪೂರ್ತಿ ಕೇಳಿ. ಅವರು ಬಯಸಿದರೆ ಪಾದ್ರಿಯವರನ್ನು ಪಾಪನಿವೇದನೆಗೆ ಕರೆಸಿ, ಅಥವಾ ನಿಮ್ಮ ಸಭೆಯ ಕ್ರಮದಂತೆ ಜೊತೆಯಲ್ಲಿ ಪ್ರಾರ್ಥಿಸಿ. ಯಾರಿಗಾದರೂ ಅನ್ಯಾಯವಾಗಿದ್ದರೆ ಅದನ್ನು ಸರಿಪಡಿಸುವ ದಾರಿಯನ್ನೂ ಯೋಚಿಸಿ. ಆದರೆ ಕ್ಷಮೆಯನ್ನು ಗುಣವಾಗುವುದಕ್ಕೆ ಗಂಟುಹಾಕಬೇಡಿ. ಅರಿಕೆಮಾಡಿದ ಮೇಲೂ ಗಡ್ಡೆ ಬೆಳೆಯುತ್ತಲೇ ಇದ್ದರೆ, ಕ್ಷಮೆ ಸಿಗಲಿಲ್ಲವೆಂಬ ಇನ್ನೊಂದು ಭಾರವನ್ನು ನೀವೇ ಹೊರಿಸಿದಂತಾಗುತ್ತದೆ. ಮಾರ್ಕ 2ರಲ್ಲಿ ಮಾಳಿಗೆ ಬಿಚ್ಚಿ ಇಳಿಸಿದ ಪಾರ್ಶ್ವವಾಯು ರೋಗಿಗೆ ಯೇಸು ಯಾವ ವಿಚಾರಣೆಯನ್ನೂ ಮಾಡದೆ ಪಾಪಕ್ಷಮೆಯನ್ನು ಕೊಟ್ಟನು. ಅವನು ಇನ್ನೂ ಚಾಪೆಯ ಮೇಲೆ ಮಲಗಿದ್ದಾಗಲೇ ಆ ಕ್ಷಮೆ ಪೂರ್ಣವಾಗಿತ್ತು.

ಕಾಯಿಲೆಗೆ ಅಭ್ಯಾಸವೇ ಕಾರಣವಾಗಿರುವಾಗ

ಕುಡಿತದಿಂದ ಪಿತ್ತಜನಕಾಂಗ ಕೆಟ್ಟಿರುವುದು, ತಂಬಾಕಿನಿಂದ ಬಾಯಿ ಅಥವಾ ಶ್ವಾಸಕೋಶದ ಕ್ಯಾನ್ಸರ್ ಬಂದಿರುವುದು, ಲೈಂಗಿಕ ಸಂಪರ್ಕದಿಂದ ಎಚ್‌ಐವಿ ಸೋಂಕು ತಗುಲಿರುವುದು: ಇಲ್ಲಿ ದೂಷಣೆಗೆ ವಿಜ್ಞಾನದ ಬೆಂಬಲವೂ ಸಿಕ್ಕಂತೆ ಕಾಣುವುದರಿಂದ ಸಂದರ್ಶಕರು ಹೆಚ್ಚು ನಿರ್ಭಯವಾಗಿ ಮಾತಾಡುತ್ತಾರೆ. ಎರಡು ಭೇದಗಳನ್ನು ಮನಸ್ಸಿನಲ್ಲಿಡಿ. ಪರಿಣಾಮ ಬೇರೆ, ಶಿಕ್ಷೆ ಬೇರೆ. ತಂಬಾಕಿನ ಹೊಗೆ ಜೀವಕೋಶದ ಡಿಎನ್‌ಎಯನ್ನು ಕೆಡಿಸುತ್ತದೆ. ಸೇದಿದವನು ನೀತಿವಂತನೋ ದುಷ್ಟನೋ ಎಂದು ಅದು ನೋಡುವುದಿಲ್ಲ, ಪಕ್ಕದಲ್ಲಿ ಕುಳಿತು ಆ ಹೊಗೆಯನ್ನು ಉಸಿರಾಡಿದ ಮಗುವನ್ನೂ ಬಿಡುವುದಿಲ್ಲ. ಎಚ್‌ಐವಿ ಇರುವ ಎಷ್ಟೋ ಹೆಂಗಸರಿಗೆ ಸೋಂಕು ಬಂದದ್ದು ಗಂಡನಿಂದ, ಎಷ್ಟೋ ಮಕ್ಕಳಿಗೆ ಬಂದದ್ದು ಹುಟ್ಟಿನಿಂದ. ಎರಡನೆಯದಾಗಿ, ಚಟವೆಂಬುದು ಸ್ವತಃ ಚಿಕಿತ್ಸೆ ಬೇಕಾದ ಕಾಯಿಲೆ. ಬಿಡಿ ಎಂದು ಹೇಳಬೇಕಾದ ಕಡೆ ವೈದ್ಯರು ಹೇಳುತ್ತಾರೆ, ಹೇಳಿಯೂ ಇರುತ್ತಾರೆ. ನಿಮ್ಮ ಪಾಲಿಗೆ ಉಳಿಯುವುದು, ಬಿಡಲು ಹೆಣಗುವ ದಿನಗಳಲ್ಲಿ ಜೊತೆಗಿರುವ ಕೆಲಸ. ಪೂರಾ ಕುಡಿತಕ್ಕೆ ಬಿದ್ದವರು ಒಮ್ಮೆಲೇ ನಿಲ್ಲಿಸಿದರೆ ಅಪಸ್ಮಾರದಂಥ ಸೆಳೆತ ಬಂದು ಜೀವಕ್ಕೇ ಅಪಾಯವಾಗಬಹುದು; ಆದ್ದರಿಂದ "ಇವತ್ತೇ ಕರ್ತನ ಮುಂದೆ ಬಿಟ್ಟುಬಿಡು" ಎಂಬ ಉತ್ಸಾಹಕ್ಕಿಂತ ಮೊದಲು ವೈದ್ಯರ ಸಲಹೆ ಬೇಕು.

ಕಾಯಿಲೆಯ ಮಗುವಿನ ತಂದೆತಾಯಿಗಳು

ಈ ಮನೆಗಳಿಗೆ ಅತ್ಯಂತ ಎಚ್ಚರದಿಂದ ಹೋಗಬೇಕು, ಏಕೆಂದರೆ ಅಲ್ಲಿ ಆಪಾದನೆ ಹೊರಗಿನಿಂದ ಬರುವ ಮೊದಲೇ ಒಳಗೆ ಸೇರಿರುತ್ತದೆ, ಬಹುಪಾಲು ತಾಯಿಯ ಮೇಲೆಯೇ. ಬಸುರಿಯಾಗಿದ್ದಾಗ ಏನು ತಿಂದಳು, ಎಲ್ಲಿಗೆ ಹೋದಳು, ಯಾವ ಹರಕೆಯನ್ನು ಮರೆತಳು ಎಂಬ ವಿಚಾರಣೆ ಮುಗಿಯುವುದೇ ಇಲ್ಲ. ಇದಕ್ಕೆ ಪೂರ್ವಿಕರ ಶಾಪವೆಂಬ ಬೋಧನೆ ಸೇರಿದರೆ, ಅಜ್ಜಮುತ್ತಜ್ಜರ ಪಾಪಗಳನ್ನು ಅಗೆದು ತೆಗೆಯುವ ಪ್ರಾರ್ಥನೆಗಳು ಶುರುವಾಗುತ್ತವೆ. ವಿಮೋಚನಕಾಂಡ 20ರಲ್ಲಿ ತಂದೆಗಳ ದೋಷಫಲ ಮೂರು ನಾಲ್ಕು ತಲೆಗಳವರೆಗೆ ಬರುವ ಮಾತಿದೆ, ನಿಜ. ಅದರ ಮರುವಚನದಲ್ಲೇ ಸಾವಿರ ತಲೆಗಳವರೆಗಿನ ದಯೆಯ ಮಾತೂ ಇದೆ. ಅಪ್ಪಂದಿರು ಹುಳಿದ್ರಾಕ್ಷಿ ತಿಂದದ್ದಕ್ಕೆ ಮಕ್ಕಳ ಹಲ್ಲು ಚಳಿತುಹೋಯಿತು ಎಂಬ ಗಾದೆಯನ್ನು ಇನ್ನು ಮೇಲೆ ಯಾರೂ ಆಡಬಾರದೆಂದು ಯೆಹೆಜ್ಕೇಲ 18ರಲ್ಲಿ ದೇವರೇ ಅದನ್ನು ರದ್ದುಮಾಡುತ್ತಾನೆ: ಮಗನು ತಂದೆಯ ದೋಷವನ್ನು ಹೊರುವುದಿಲ್ಲ.

ಅನುವಂಶಿಕ ಕಾಯಿಲೆಯಾಗಿದ್ದರೆ ಅದರ ನಡೆಯನ್ನು ಸರಿಯಾಗಿ ತಿಳಿದುಕೊಂಡು ಹೋಗಿ. ಥಲಸ್ಸೆಮಿಯಾ ಅಥವಾ ಸಿಕಲ್ ಸೆಲ್ ಕಾಯಿಲೆಯಲ್ಲಿ ತಂದೆತಾಯಿಗಳಿಬ್ಬರೂ ಆರೋಗ್ಯವಾಗಿಯೇ ಇದ್ದು, ಇಬ್ಬರಲ್ಲೂ ದೋಷವಿರುವ ಜೀನಿನ ಒಂದೊಂದು ಪ್ರತಿ ಇರುತ್ತದೆ. ಅಂಥವರಿಗೆ ಹುಟ್ಟುವ ಪ್ರತಿಯೊಂದು ಮಗುವಿಗೂ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು. ಪರೀಕ್ಷೆ ಮಾಡಿಸದ ಹೊರತು ಅದು ತಮ್ಮಲ್ಲಿದೆಯೆಂದು ಅವರಿಗೇ ತಿಳಿಯುವುದಿಲ್ಲ, ಮತ್ತು ಅದು ತಾಯಿಯೊಬ್ಬಳಿಂದಲೇ ಬಂದದ್ದೂ ಅಲ್ಲ. ಅತ್ತೆಮಾವಂದಿರ ಎದುರಿಗೆ ಇದನ್ನು ಸ್ಪಷ್ಟವಾಗಿ ಹೇಳುವುದು, ನನ್ನ ಅಭಿಪ್ರಾಯದಲ್ಲಿ, ಒಂದು ಉದ್ದದ ಪ್ರಾರ್ಥನೆಗಿಂತ ದೊಡ್ಡ ಸೇವೆ.

ಮನಸ್ಸಿನ ಕಾಯಿಲೆ

ಖಿನ್ನತೆಯನ್ನು ಅಪನಂಬಿಕೆಯೆಂದೂ, ಭ್ರಮೆಯ ಕಾಯಿಲೆಗಳನ್ನು ದೆವ್ವದ ಕಾಟವೆಂದೂ ಕರೆದು ಉಪವಾಸ ಪ್ರಾರ್ಥನೆಗೆ ಕೂರಿಸುವುದನ್ನು ನಿಲ್ಲಿಸಬೇಕು. 1 ಅರಸುಗಳು 19ರಲ್ಲಿ ಎಲೀಯನು ಸಾವನ್ನು ಬೇಡಿ ಮಲಗಿದಾಗ ದೇವದೂತನು ಅವನಿಗೆ ಉಪದೇಶ ಮಾಡಲಿಲ್ಲ. ರೊಟ್ಟಿ ನೀರು ಕೊಟ್ಟನು, ಮತ್ತೆ ಮಲಗಲು ಬಿಟ್ಟನು, ಮತ್ತೆ ಎಬ್ಬಿಸಿ ಉಣ್ಣಿಸಿದನು. ಸಾಯುವ ಮಾತು ಕೇಳಿಬಂದರೆ ಅದನ್ನು ಪ್ರಾರ್ಥನಾ ಗುಟ್ಟಾಗಿ ಇಟ್ಟುಕೊಳ್ಳಬೇಡಿ. ಆ ವ್ಯಕ್ತಿಯನ್ನು ಒಂಟಿಯಾಗಿ ಬಿಡದೆ, ಮನೆಯವರಿಗೆ ತಿಳಿಸಿ, ಅಂದೇ ವೈದ್ಯರ ಬಳಿಗೆ ಕರೆದೊಯ್ಯಿರಿ.

ಸ್ವಸ್ಥತೆಗಾಗಿ ಪ್ರಾರ್ಥಿಸುವ ಬಗೆ

ಯಾಕೋಬನ ಪತ್ರಿಕೆಯ 5ನೆಯ ಅಧ್ಯಾಯದ ಕ್ರಮ ಸರಳವಾಗಿದೆ: ರೋಗಿಯು ಸಭೆಯ ಹಿರಿಯರನ್ನು ಕರೆಯುತ್ತಾನೆ, ಅವರು ಬಂದು ಎಣ್ಣೆ ಹಚ್ಚಿ ಪ್ರಾರ್ಥಿಸುತ್ತಾರೆ. ಕರೆಯುವ ಹಕ್ಕು ರೋಗಿಯದು, ಆದ್ದರಿಂದ ಕೈಯಿಟ್ಟು ಪ್ರಾರ್ಥಿಸುವ ಮೊದಲು ಒಪ್ಪಿಗೆ ಕೇಳಿ. ಪಾಪದ ಪ್ರಸ್ತಾಪ ಅಲ್ಲಿಯೂ ಇದೆ, ಆದರೆ ಪಾಪ ಮಾಡಿದ್ದರೆ ಎಂಬ ಷರತ್ತಿನೊಡನೆ, ಕ್ಷಮೆಯ ವಾಗ್ದಾನದ ಜೊತೆಗೆ. ಅದರ ಬೆನ್ನಲ್ಲೇ ಬರುವ ಆಜ್ಞೆ, ಒಬ್ಬರಿಗೊಬ್ಬರು ಅರಿಕೆಮಾಡಿಕೊಳ್ಳಿ ಎಂಬುದು, ಬಂದ ಹಿರಿಯರಿಗೂ ಅನ್ವಯಿಸುತ್ತದೆ. ಕಣ್ಣು ಮುಚ್ಚಿಕೊಂಡು, ದೇವರಿಗೆ ಹೇಳುವಂತೆ ಮಾಡಿ ರೋಗಿಗೆ ಬುದ್ಧಿ ಹೇಳುವ ಪ್ರಾರ್ಥನೆ ಬೇಡ.

ಎಣ್ಣೆ ಹಚ್ಚುವ ಸಂಸ್ಕಾರದ ಬಗ್ಗೆ ಕಥೋಲಿಕ ಕುಟುಂಬಗಳಲ್ಲಿ ಒಂದು ಹಳೆಯ ಭಯ ಉಳಿದಿದೆ: ಪಾದ್ರಿ ಎಣ್ಣೆ ತಂದರೆಂದರೆ ಸಾವು ಸಮೀಪಿಸಿತು ಎಂದು. ಶತಮಾನಗಳ ಕಾಲ ಅದು ಬಹುಮಟ್ಟಿಗೆ ಸಾಯುವವರ ಸಂಸ್ಕಾರವೇ ಆಗಿತ್ತು. ಎರಡನೆಯ ವ್ಯಾಟಿಕನ್ ಮಹಾಸಭೆಯ ತರುವಾಯ, 1972ರಲ್ಲಿ ಪೋಪ್ ಆರನೆಯ ಪೌಲರು ಅದರ ಕ್ರಮವನ್ನು ಪರಿಷ್ಕರಿಸಿ, ತೀವ್ರವಾಗಿ ಅಸ್ವಸ್ಥರಾದ ಎಲ್ಲರ ಬಲವರ್ಧನೆಗೆಂದು ಅದನ್ನು ಗೊತ್ತುಪಡಿಸಿದರು. ದೊಡ್ಡ ಶಸ್ತ್ರಚಿಕಿತ್ಸೆಗೆ ಮೊದಲೂ ಅದನ್ನು ಪಡೆಯಬಹುದೆಂದು ಮನೆಯವರಿಗೆ ತಿಳಿಸಿದರೆ ಭಯ ಅರ್ಧ ಇಳಿಯುತ್ತದೆ. ರೋಗವನ್ನು ಪಾಪಕ್ಕೆ ಗಂಟುಹಾಕುವುದು ಸಭೆಯ ವಿಧಿಗಳಲ್ಲೂ ಇತ್ತು: 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆಯು, ದೇಹದ ಕಾಯಿಲೆ ಕೆಲವೊಮ್ಮೆ ಪಾಪದಿಂದ ಬರುವುದೆಂಬ ಕಾರಣ ಕೊಟ್ಟು, ವೈದ್ಯರು ರೋಗಿಯನ್ನು ನೋಡಿದ ಕೂಡಲೇ ಮೊದಲು ಪಾದ್ರಿಯನ್ನು ಕರೆಸಲು ಹೇಳಬೇಕೆಂದು ವಿಧಿಸಿತ್ತು. ಕಾಯಿಲೆ ಉಲ್ಬಣಿಸಿದ ಮೇಲೆ ಆತ್ಮದ ಮಾತೆತ್ತಿದರೆ ರೋಗಿಗಳು ನಿರಾಶರಾಗುತ್ತಾರೆಂಬ ಕಾಳಜಿಯೂ ಅದರಲ್ಲಿತ್ತು ಎಂಬುದನ್ನು ನ್ಯಾಯವಾಗಿ ಹೇಳಬೇಕು.

ಪ್ರಾರ್ಥನೆ ಮುಗಿಸಿ "ಗುಣವಾಯಿತು, ಇನ್ನು ಮಾತ್ರೆ ಬೇಡ" ಎಂದು ಎಂದಿಗೂ ಹೇಳಬೇಡಿ. ಇನ್ಸುಲಿನ್ ನಿಲ್ಲಿಸಿದರೆ ಕೆಲವರಿಗೆ ಕೆಲವೇ ದಿನಗಳಲ್ಲಿ ಪ್ರಾಣಾಪಾಯ. ಕ್ಷಯರೋಗದ ಔಷಧಿಯನ್ನು ಅರ್ಧಕ್ಕೆ ಬಿಟ್ಟರೆ ಔಷಧಿಗೆ ಬಗ್ಗದ ಕ್ಷಯ ಹುಟ್ಟಿ ಮನೆಯವರಿಗೂ ಹರಡಬಹುದು. ದೇವರು ಗುಣಪಡಿಸಿದ್ದರೆ ಅದು ವೈದ್ಯರ ಪರೀಕ್ಷೆಯಲ್ಲೂ ಕಾಣುತ್ತದೆ. ಯೇಸು ತಾನೇ ಶುದ್ಧನಾದ ಕುಷ್ಠರೋಗಿಯನ್ನು ಯಾಜಕನಿಗೆ ತೋರಿಸಿಕೋ ಎಂದು ಕಳುಹಿಸಿದನು. ಹದಿನೈದು ವರ್ಷ ಆಯುಷ್ಯ ಹೆಚ್ಚಿಸುತ್ತೇನೆಂಬ ದೇವರ ಮಾತು ಬಂದ ಮೇಲೂ ಅರಸ ಹಿಜ್ಕೀಯನ ಹುಣ್ಣಿಗೆ ಪ್ರವಾದಿ ಯೆಶಾಯನು ಅಂಜೂರದ ಪಟ್ಟು ಹಾಕಿಸಿದನು. ನಾಲ್ಕನೆಯ ಶತಮಾನದಲ್ಲಿ ಕೈಸರೈಯದ ಬಿಷಪ್ ಬೆಸಿಲರು ರೋಗಿಗಳಿಗೂ ಬಡವರಿಗೂ ದೊಡ್ಡ ಆಶ್ರಯವೊಂದನ್ನು ಕಟ್ಟಿಸಿದರು. 1527ರಲ್ಲಿ ವಿಟೆನ್‌ಬರ್ಗಿಗೆ ಪ್ಲೇಗ್ ಬಂದ ಕಾಲಕ್ಕೆ ಮಾರ್ಟಿನ್ ಲೂಥರ್, ದೇವರನ್ನು ನಂಬಿದ್ದೇವೆಂದು ಔಷಧಿಯನ್ನು ತಾತ್ಸಾರ ಮಾಡುವವರು ದೇವರನ್ನು ಪರೀಕ್ಷಿಸುತ್ತಿದ್ದಾರೆಂದು ಖಂಡಿಸಿದರು.

ಗುಣವಾಗದಿದ್ದಾಗ

ಇಲ್ಲಿಗೆ ಬಂದಾಗ ಸಭೆಗಳ ನಾಲಿಗೆ ಹೆಚ್ಚು ಜಾರುತ್ತದೆ. ಪಾಪ ಸಿಗದಿದ್ದರೆ ನಂಬಿಕೆಯ ಕೊರತೆಯನ್ನು ಹುಡುಕುತ್ತಾರೆ. ಸುವಾರ್ತೆಗಳನ್ನೇ ತೆರೆದು ನೋಡಿ. ಕೊಳದ ಬಳಿ ಗುಣವಾದವನಿಗೆ ತನ್ನನ್ನು ಗುಣಪಡಿಸಿದವನು ಯಾರೆಂದೇ ಗೊತ್ತಿರಲಿಲ್ಲ. ಪಾರ್ಶ್ವವಾಯು ರೋಗಿಯ ವಿಷಯದಲ್ಲಿ ಯೇಸು ಕಂಡದ್ದು ಹೊತ್ತುತಂದವರ ನಂಬಿಕೆಯನ್ನು. ಮತ್ತಾಯ 17ರಲ್ಲಿ ಮೂರ್ಛೆರೋಗದ ಹುಡುಗನನ್ನು ಗುಣಪಡಿಸಲಾಗದಿದ್ದಾಗ ಅಲ್ಪವಿಶ್ವಾಸಕ್ಕಾಗಿ ಬೈಸಿಕೊಂಡವರು ಗುಣಪಡಿಸಲು ಯತ್ನಿಸಿದ ಶಿಷ್ಯರು. ಹುಡುಗನನ್ನು ಯಾರೂ ಬೈಯಲಿಲ್ಲ, ಮಾರ್ಕ 9ರಲ್ಲಿ ಕಾಣುವಂತೆ ನಂಬಿಕೆಯೂ ಅಪನಂಬಿಕೆಯೂ ಬೆರೆತ ಅವನ ತಂದೆಯನ್ನೂ ತಿರಸ್ಕರಿಸಲಿಲ್ಲ. ಹಾಗಾದರೆ "ನಂಬಿಕೆ ಸಾಲದು" ಎಂಬ ವಾಕ್ಯವನ್ನು ಹಾಸಿಗೆಯಲ್ಲಿರುವವರ ಕಡೆಗೆ ಎಸೆಯಲು ನಮಗೆ ಯಾವ ಆಧಾರವಿದೆ?

ಪೌಲನು ತನ್ನ ಶರೀರದ ಮುಳ್ಳಿಗಾಗಿ ಮೂರು ಸಾರಿ ಬೇಡಿಕೊಂಡರೂ ಅದು ಹೋಗಲಿಲ್ಲ, ಕೃಪೆ ಸಾಕೆಂಬ ಉತ್ತರ ಬಂತು. ಸಂಗಡಿಗ ತ್ರೊಫಿಮನನ್ನು ಮಿಲೇತ ಪಟ್ಟಣದಲ್ಲಿ ಅಸ್ವಸ್ಥನಾಗಿಯೇ ಬಿಟ್ಟುಬಂದೆನೆಂದು ಅದೇ ಪೌಲನ ಹೆಸರಿನ ಪತ್ರಿಕೆಯಲ್ಲಿದೆ, ಅದಕ್ಕೆ ಯಾವ ವಿವರಣೆಯೂ ಇಲ್ಲ. ಮೂರನೆಯ ಶತಮಾನದ ಮಹಾಮಾರಿಯಲ್ಲಿ ಅನ್ಯರಂತೆ ಕ್ರೈಸ್ತರೂ ಸಾಯುತ್ತಿರುವುದನ್ನು ಕಂಡು ಕಂಗೆಟ್ಟ ತನ್ನ ಜನರಿಗೆ ಕಾರ್ಥೇಜಿನ ಬಿಷಪ್ ಸಿಪ್ರಿಯಾನರು, ಈ ಲೋಕದಲ್ಲಿರುವವರೆಗೆ ನಮ್ಮ ದೇಹವೂ ಎಲ್ಲರ ದೇಹದಂತೆಯೇ ಎಂದು ತಿಳಿಹೇಳಬೇಕಾಯಿತು. ಈ ಉದಾಹರಣೆಗಳನ್ನು ರೋಗಿಯ ಮುಂದೆ ವಾದದಂತೆ ಇಡಬೇಡಿ. ನಿಮ್ಮ ಬಾಯನ್ನು ಕಟ್ಟಿಕೊಳ್ಳಲು ಬಳಸಿಕೊಳ್ಳಿ.

ಸಾಕ್ಷಿ ಹೇಳುವ ಕೂಟಗಳನ್ನು ನಡೆಸುವವರಿಗೆ ಒಂದು ಮಾತು. ಗುಣವಾದವರು ಮಾತ್ರ ವೇದಿಕೆ ಹತ್ತುವಂತಿದ್ದರೆ, ಗಾಲಿಕುರ್ಚಿಯಲ್ಲಿ ಹಿಂದೆ ಕುಳಿತವರು ಪ್ರತಿ ವಾರವೂ ಮೌನವಾಗಿ ತೀರ್ಪು ಕೇಳಿಸಿಕೊಳ್ಳುತ್ತಾರೆ. ಇನ್ನೂ ಕಾಯಿಲೆಯಲ್ಲಿರುವವರಿಗೂ, ಅವರು ಇಚ್ಛಿಸಿದರೆ, ಅದೇ ವೇದಿಕೆಯಲ್ಲಿ ಮಾತಿಗೆ ಅವಕಾಶವಿರಲಿ. ಅವರ ಮಾತು ಸಿಹಿಯಾಗಿಯೇ ಮುಗಿಯಬೇಕೆಂದು ತಿದ್ದಬೇಡಿ.

ಮನೆಗೆ ಬಂದ ಮೇಲೆ

ಮುಂದಿನ ಭೇಟಿಯ ದಿನವನ್ನು ಗೊತ್ತುಮಾಡಿಕೊಳ್ಳಿ, ಏಕೆಂದರೆ ದೀರ್ಘ ಕಾಯಿಲೆಯವರನ್ನು ಮೊದಲ ತಿಂಗಳಾದ ಮೇಲೆ ನೋಡಲು ಬರುವವರು ವಿರಳ. ರೋಗಿಯನ್ನು ನೋಡಿಕೊಳ್ಳುತ್ತಿರುವವರು ಒಂದು ರಾತ್ರಿ ನಿದ್ದೆ ಮಾಡಲೆಂದು ಅವರ ಜಾಗದಲ್ಲಿ ಕೂರಲು ಯಾರು ಸಿದ್ಧರಿದ್ದಾರೆಂದು ಸಭೆಯಲ್ಲಿ ವಿಚಾರಿಸಿ. ಪ್ರಾರ್ಥನಾ ಕೋರಿಕೆಯನ್ನು ಓದಿಹೇಳುವ ಮೊದಲು, ಯಾವ ವಿವರವನ್ನು ಹೇಳಬಹುದು, ಯಾವುದನ್ನು ಹೇಳಬಾರದು ಎಂದು ರೋಗಿಯನ್ನೇ ಕೇಳಿ ಬರೆದುಕೊಳ್ಳಿ. ಕಾಯಿಲೆಯ ಹೆಸರು ಬೇಡವೆಂದರೆ "ಅಸ್ವಸ್ಥರಾಗಿರುವ ನಮ್ಮ ಸಹೋದರಿಗಾಗಿ" ಎಂದಷ್ಟೇ ಸಾಕು. ಏನು ಕಾಯಿಲೆ, ಹೇಗೆ ಬಂತು ಎಂದು ಆಮೇಲೆ ಬಂದು ಕೇಳುವವರಿಗೆ, ಊಟ ತಲುಪಿಸುವ ಸರದಿಯಲ್ಲಿ ಯಾವ ದಿನ ಖಾಲಿಯಿದೆಯೆಂದು ತಿಳಿಸಿ.